ಅರ್ಧ ಕಾವಲಿಯ ಲೆಕ್ಕ

ಬಿಸಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಹೀಗೆಂದರೆ ನೆಂಟರು ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೂ ಸಂಬಳ ಕೊಡುತ್ತಾರಾ ಎಂದು ಒಬ್ಬ ಚಿಕ್ಕಮ್ಮ ನೇರವಾಗಿಯೇ ಕೇಳಿದ್ದರು. ಕೊಡುತ್ತಾರೆ. ನೋಯ್ಡಾದ ಒಂದು ಕಚೇರಿಯಲ್ಲಿ ಕುಳಿತು, ಇ-ರಿಕ್ಷಾದ ಬ್ಯಾಟರಿ ಪೆಟ್ಟಿಗೆ ಜೂನ್ ತಿಂಗಳ ಬಿಸಿಲಿನಲ್ಲಿ ಎಷ್ಟು ಕಾಯುತ್ತದೆ, ಯಾವ ಮೂಲೆಯಲ್ಲಿ ಹೆಚ್ಚು ಕಾಯುತ್ತದೆ ಎಂಬುದನ್ನು, ಆ ಪೆಟ್ಟಿಗೆ ಇನ್ನೂ ಹುಟ್ಟುವ ಮೊದಲೇ, ಕಂಪ್ಯೂಟರಿನಲ್ಲಿ ಕಂಡುಹಿಡಿಯುತ್ತೇನೆ. ಇಷ್ಟೆಲ್ಲ ಬಲ್ಲವಳು ಒಲೆಯ ಮೇಲಿಟ್ಟ ಹಾಲನ್ನು ವಾರಕ್ಕೆರಡು ಸಲ ಉಕ್ಕಿಸುತ್ತೇನೆ ಎಂದು ಗಂಡ ಛೇಡಿಸುತ್ತಾನೆ. ಅದೂ ಸುಳ್ಳಲ್ಲ.

ನನಗೆ ಈ ಹುಚ್ಚು ಹಿಡಿದದ್ದು ಓದಿನಿಂದಲ್ಲ, ಮುಟ್ಟಿ ನೋಡುವ ಚಟದಿಂದ. ಆರ್.ಕೆ.ಪುರಂನಲ್ಲಿರುವ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಪಶ್ಚಿಮದ ಗೋಡೆ ಸೂರ್ಯ ಮುಳುಗುವ ಹೊತ್ತಿಗೆ ಒಳಗಿನಿಂದ ಬಿಸಿಯಾಗತೊಡಗುತ್ತದೆ. ಮಧ್ಯಾಹ್ನ ಹೊರಮೈಗೆ ತಗಲಿದ ಬಿಸಿಲು ಇಟ್ಟಿಗೆಯನ್ನು ದಾಟಿ ಒಳಗೆ ಬರಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ನಾನು ಗಂಟೆಗೊಮ್ಮೆ ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿ ಇದನ್ನು ಪರೀಕ್ಷಿಸುತ್ತಿದ್ದೆ. ಇದೇನೋ ಹರಕೆ ಇರಬೇಕೆಂದು ಅತ್ತೆ ಸುಮ್ಮನಿದ್ದರು.

ಬಿಸಿ ಹರಿಯುವ ರೀತಿಗೆ ಒಂದು ಸಮೀಕರಣವಿದೆ. ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಶನ್ ಎಂಬ ಜಾತಿಗೆ ಸೇರಿದ್ದು. ಹೆಸರು ಕೇಳಿ ಹೆದರಬೇಕಾಗಿಲ್ಲ. ಅದು ಹೇಳುವುದು ಇಷ್ಟೇ: ಯಾವುದೇ ಜಾಗ ತನ್ನ ಅಕ್ಕಪಕ್ಕದ ಜಾಗಗಳ ಸರಾಸರಿಗಿಂತ ತಣ್ಣಗಿದ್ದರೆ ಬಿಸಿಯಾಗುತ್ತ ಹೋಗುತ್ತದೆ, ಬಿಸಿಯಾಗಿದ್ದರೆ ತಣಿಯುತ್ತ ಹೋಗುತ್ತದೆ. ನೆರೆಹೊರೆ ನೋಡಿ ಬದುಕುವುದು ನಮಗೇನು ಹೊಸದಲ್ಲ. ತೊಂದರೆ ಇರುವುದು ಬಿಡಿಸುವುದರಲ್ಲಿ. ಕಾಗದದ ಮೇಲೆ ಪೆನ್ನಿನಲ್ಲಿ ಬಿಡಿಸಬಹುದಾದ ವಸ್ತುಗಳು ಬೆರಳೆಣಿಕೆಯಷ್ಟು. ಲೋಕದ ನಿಜವಾದ ವಸ್ತುಗಳಿಗೆ ಮೂಲೆ, ತೂತು, ಕಾಲು, ಹಿಡಿಕೆ ಎಲ್ಲ ಇರುತ್ತವೆ. ಆಗ ವಸ್ತುವನ್ನು ಸಾವಿರಾರು ಚಿಕ್ಕ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದು ಚೌಕವನ್ನೂ ಅದರ ನೆರೆಯವರ ಜೊತೆ ಮಾತಾಡಿಸಿ, ಎಲ್ಲರೂ ಒಪ್ಪುವ ತನಕ ಕಾಯಬೇಕು.

ಓದುವ ದಿನಗಳಲ್ಲಿ ನಾನು ಮೊದಲು ಲೆಕ್ಕ ಹಾಕಿದ್ದು ಒಂದು ಲೋಟ ಕಾಫಿ ಆರುವುದನ್ನು. ಅವಸರದ ಬುದ್ಧಿ, ಕ್ಷಣ ಕ್ಷಣಕ್ಕೂ ಲೆಕ್ಕ ಹಾಕುವ ಬದಲು ಸಮಯವನ್ನು ದೊಡ್ಡ ದೊಡ್ಡ ಹೆಜ್ಜೆಗಳಲ್ಲಿ ದಾಟಿಸಿದೆ. ಹತ್ತನೆಯ ಹೆಜ್ಜೆಗೆ ಕಾಫಿ ಹಿಮಕ್ಕಿಂತ ತಣ್ಣಗಾಯಿತು, ಹನ್ನೊಂದನೆಯದಕ್ಕೆ ಸೂರ್ಯನಿಗಿಂತ ಬಿಸಿಯಾಯಿತು. ಗಾಬರಿಯಾಗುವ ಬದಲು ನನಗೆ ಖುಷಿಯೇ ಆಯಿತು. ತಪ್ಪಾದರೆ ಹೀಗೆ ಕೂಗಿ ಹೇಳುವ ಶಾಸ್ತ್ರ ಇನ್ನಾವುದಿದೆ ಎಂದುಕೊಂಡೆ. ತಪ್ಪಾದರೂ ಉಸಿರೆತ್ತದೆ ನಗುನಗುತ್ತ ಕೂರುವ ಲೆಕ್ಕಗಳೂ ಇವೆ ಎಂದು ಆಗ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಎರಡು ವರ್ಷಗಳ ಹಿಂದೆ, ನನ್ನ ಸೋದರಮಾವನ ಹೋಟೆಲಿನಲ್ಲಿ.

ಮಾವ ಕರಾವಳಿಯಿಂದ ಬಂದು ಕಿದ್ವಾಯಿ ನಗರದ ಹತ್ತಿರ ಹೋಟೆಲು ಇಟ್ಟವರು. ಹನ್ನೆರಡು ಮೇಜಿನ ಹೋಟೆಲು, ಅಡುಗೆಮನೆಯಲ್ಲಿ ಒಂಬತ್ತು ಜನ. ದೋಸೆ ಹಾಕುವವರು ಕುಂದಾಪುರದ ಕಡೆಯವರು, ಐವತ್ತು ದಾಟಿದವರು, ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದವರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಮಾತು ಕಡಿಮೆ. ಹಿಟ್ಟು ಸುರಿದು ಸೌಟಿನ ತಳದಲ್ಲಿ ಸುತ್ತು ಎಳೆಯುವಾಗ ಮಾತ್ರ ಬಾಯಲ್ಲಿ ಏನೋ ಗುನುಗುತ್ತಿದ್ದರು.

ಆ ವರ್ಷ ಮಾವ ಹೊಸ ಕಾವಲಿ ತರಿಸಿದ್ದರು. ನಾಲ್ಕು ಅಡಿ ಉದ್ದದ ದಪ್ಪ ಕಬ್ಬಿಣದ ಹಲಗೆ, ಅಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಬರ್ನರ್. ಎಡಬದಿಯಲ್ಲಿ ಮೂರು ದೋಸೆ, ಬಲಬದಿಯಲ್ಲಿ ಮೂರು. ಏಪ್ರಿಲ್ ಪೂರ್ತಿ ಎಲ್ಲ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಗಿರಾಕಿಗಳು ಗೊಣಗತೊಡಗಿದರು. ಮಧ್ಯಾಹ್ನ ಆಫೀಸಿನವರು ನುಗ್ಗುವ ಹೊತ್ತಿಗೆ ಒಬ್ಬರ ತಟ್ಟೆಯಲ್ಲಿ ಕೆಂಪಗೆ ಗರಿಗರಿ ದೋಸೆ, ಪಕ್ಕದವರ ತಟ್ಟೆಯಲ್ಲಿ ಬಿಳಿಚಿಕೊಂಡ ಮೆತ್ತನೆಯ ದೋಸೆ. ಬಲಬದಿ ಕಾವು ಹಿಡಿಯುತ್ತಿಲ್ಲ ಎಂದು ಅಣ್ಣ ಹೇಳಿದರು. ಬರ್ನರಿನವನು ಒಂದು ಬೆಳಿಗ್ಗೆ ಬಂದು ಎರಡನ್ನೂ ಬಿಚ್ಚಿ, ಊದಿ, ಜೋಡಿಸಿ, ಎರಡೂ ಒಂದೇ ಸಮ ಉರಿಯುತ್ತಿವೆ ಎಂದು ಹೇಳಿ ಹೋದ. ಅಲ್ಲಿಂದ ಮಾವನಿಗೆ ಅಣ್ಣನ ಮೇಲೆ ಅನುಮಾನ. ವಯಸ್ಸಾಯಿತು, ಮಣಿಕಟ್ಟು ಸೋತಿದೆ, ಬಲಕ್ಕೆ ಕೈ ಚಾಚುವಾಗ ಹಿಟ್ಟು ದಪ್ಪ ಬೀಳುತ್ತಿದೆ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಲ್ಲಾದ ಮೇಲೆ ಕುಳಿತು ಅಣ್ಣನಿಗೆ ಕೇಳುವಂತೆಯೇ ಹೇಳಿದರು. ಊರಿನಿಂದ ಬೇರೆಯವರನ್ನು ಕರೆಸುವ ಮಾತೂ ಎತ್ತಿದರು.

ಅಂಥ ಒಂದು ಮಧ್ಯಾಹ್ನ ನಾನು ಅಲ್ಲಿ ಊಟಕ್ಕೆ ಹೋಗಿದ್ದೆ. ಮಾವ ನನ್ನೆದುರು ಕುಳಿತು ಇದನ್ನೆಲ್ಲ ಹೇಳಿ ಕೊನೆಗೆ ಕೇಳಿದರು.

"ಬ್ಯಾಟರಿ ಕಾಯುವುದು ಹೇಳ್ತೀಯಂತೆ. ಕಾವಲಿ ಕಾಯುವುದು ಹೇಳ್ಲಿಕ್ಕೆ ಆಗುದಿಲ್ವಾ ಮಾರಾಯ್ತಿ?"

ಆಗುವುದಿಲ್ಲ ಎನ್ನುವ ಜಾಯಮಾನ ನನ್ನದಲ್ಲ. ಅಡುಗೆಮನೆಯ ಕಿಂಡಿಯಿಂದ ಅಣ್ಣ ನಮ್ಮತ್ತಲೇ ನೋಡುತ್ತಿದ್ದರು. ಲೆಕ್ಕ ಹಾಕಿ ನೋಡೋಣ, ಕಾವಲಿಯದೇ ತಪ್ಪಾದರೆ ಅದರಲ್ಲಿ ಬಂದೇ ಬರುತ್ತದೆ ಎಂದು ಗಟ್ಟಿಯಾಗಿ ಹೇಳಿದೆ. ಹಾಗಾದರೆ ಲೆಕ್ಕದಲ್ಲಿ ಏನು ಬರುತ್ತದೋ ಅದೇ ಕೊನೆ ಎಂದರು ಮಾವ. ಅಣ್ಣನೂ ತಲೆಯಾಡಿಸಿದರು. ಇಪ್ಪತ್ತೆರಡು ವರ್ಷದ ಕೆಲಸ ನನ್ನ ಲ್ಯಾಪ್‌ಟಾಪಿನ ಒಳಗೆ ಬಂದು ಕುಳಿತದ್ದು ಹೀಗೆ.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ, ಹೋಟೆಲು ತೆರೆಯುವ ಮೊದಲೇ ಹೋದೆ. ಕೈಯಲ್ಲಿ ಆಫೀಸಿನ ಉಷ್ಣಮಾಪಕ; ಪಿಸ್ತೂಲಿನ ಹಾಗೆ ಹಿಡಿದು ಒತ್ತಿದರೆ ದೂರದಿಂದಲೇ ಕಾವು ತೋರಿಸುತ್ತದೆ. ಅಡುಗೆಮನೆ ಇನ್ನೂ ತಂಪಾಗಿತ್ತು. ಕೆಲಸದವರಿಗೆ ಸೆಖೆಯಾಗಬಾರದೆಂದು ಮಾವ ಆ ತಿಂಗಳಷ್ಟೇ ಬಲಗಡೆಯ ಕಿಟಕಿಗೆ ಇಡಿಸಿದ್ದ ದೊಡ್ಡ ಕೂಲರ್ ಕೂಡ ಆಗ ಇನ್ನೂ ಚಾಲೂ ಆಗಿರಲಿಲ್ಲ. ಅಣ್ಣ ಎರಡೂ ಬರ್ನರ್ ಹಚ್ಚಿ ಕೈಕಟ್ಟಿ ಒಂದು ಪಕ್ಕಕ್ಕೆ ನಿಂತರು. ಕಾವಲಿ ಕಾದ ಮೇಲೆ ನಾನು ಎಡಬದಿಯಲ್ಲಿ ಐದು ಜಾಗ ಅಳೆದು ಬರೆದುಕೊಂಡೆ, ಅಳತೆಪಟ್ಟಿ ಹಿಡಿದು ಉದ್ದ ಅಗಲ ದಪ್ಪ ಗುರುತು ಹಾಕಿಕೊಂಡೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಅಣ್ಣ ಕಾಫಿ ಕೊಟ್ಟರು, ಕುಡಿದು ಬಂದೆ.

ಎಡಬದಿಯಲ್ಲಿ ಮಾತ್ರ ಏಕೆ ಅಳೆದೆ ಎಂದು ಹೇಳಬೇಕು. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ವಸ್ತುವಿನ ಎಡಬಲ ಒಂದೇ ಥರ ಇದ್ದರೆ ಇಡೀ ವಸ್ತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅರ್ಧ ಮಾತ್ರ ತೆಗೆದುಕೊಂಡು, ನಡುಗೆರೆಯಲ್ಲಿ "ಇಲ್ಲಿಂದಾಚೆಗೆ ಬಿಸಿ ದಾಟುವುದಿಲ್ಲ" ಎಂದು ಬರೆದುಬಿಡುತ್ತೇವೆ. ಎರಡೂ ಬದಿ ಒಂದೇ ಆದಮೇಲೆ ಯಾವ ಬದಿಯಿಂದ ಯಾವ ಬದಿಗೆ ದಾಟಬೇಕು? ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ. ಉತ್ತರ ಬಂದ ಮೇಲೆ ಕನ್ನಡಿ ಹಿಡಿದಂತೆ ತಿರುಗಿಸಿ ಅಂಟಿಸಿದರೆ ಇಡೀ ವಸ್ತು ತಯಾರು. ಬ್ಯಾಟರಿ ಪೆಟ್ಟಿಗೆಗಳಿಗೆ ನಾನು ವರ್ಷಗಟ್ಟಲೆ ಹೀಗೆಯೇ ಮಾಡಿದ್ದೇನೆ. ಈಗ ಅದು ಚಪ್ಪಲಿ ಬಾಗಿಲಲ್ಲಿ ಬಿಡುವಷ್ಟು ಸಹಜ, ಯೋಚಿಸುವುದೂ ಇಲ್ಲ.

ಮಿಕ್ಕದ್ದನ್ನೆಲ್ಲ ಬಹಳ ಶ್ರದ್ಧೆಯಿಂದ ಮಾಡಿದೆ. ಉರಿ ತಾಗುವ ಕಡೆ ಕಾವು ಬೇಗ ಬೇಗ ಬದಲಾಗುತ್ತದೆ, ಅಲ್ಲಿ ಚೌಕಗಳನ್ನು ಅಕ್ಕಿಕಾಳಿನಷ್ಟು ಚಿಕ್ಕದು ಮಾಡಿದೆ. ಅಂಚಿನ ಕಡೆ ದೊಡ್ಡದು ಬಿಟ್ಟೆ. ಎಲ್ಲಿ ತಪ್ಪು ಹೆಚ್ಚಿದೆಯೋ ಅಲ್ಲಿ ತಾನೇ ಇನ್ನಷ್ಟು ಕತ್ತರಿಸಿಕೊಳ್ಳುವಂತೆ ಲೆಕ್ಕಕ್ಕೆ ಹೇಳಿದೆ. ಬಿಡಿಸಲು ಬಳಸಿದ್ದು ನನಗೆ ತುಂಬ ಪ್ರೀತಿಯ ಒಂದು ವಿಧಾನ. ಚಿಕ್ಕ ಚೌಕಗಳು ಪಕ್ಕದವರ ಜೊತೆಗಿನ ಸಣ್ಣಪುಟ್ಟ ಜಗಳವನ್ನು ಕ್ಷಣದಲ್ಲಿ ಸರಿಮಾಡಿಕೊಳ್ಳುತ್ತವೆ. ಆದರೆ ಇಡೀ ಹಲಗೆಯ ಮೇಲೆ ನಿಧಾನವಾಗಿ ಹಬ್ಬಿದ ತಪ್ಪು ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಅದೇ ಹಲಗೆಯನ್ನು ದೊಡ್ಡ ಚೌಕಗಳಲ್ಲಿ ಮತ್ತೆ ಬರೆದು, ಅಲ್ಲಿ ಆ ದೊಡ್ಡ ತಪ್ಪನ್ನು ಹಿಡಿದು, ತಿರುಗಿ ಚಿಕ್ಕ ಚೌಕಕ್ಕೆ ಬರಬೇಕು. ಹೀಗೆ ನಾಲ್ಕಾರು ಸಲ ಮೇಲೆ ಹೋಗಿ ಕೆಳಗೆ ಬಂದರೆ ಸಾಕು, ಗಂಟೆಗಟ್ಟಲೆ ಹಿಡಿಯುವ ಲೆಕ್ಕ ನಿಮಿಷದಲ್ಲಿ ಮುಗಿಯುತ್ತದೆ. ಇದನ್ನು ಯಾರು ಮೊದಲು ಯೋಚಿಸಿದರೋ ಅವರ ಕೈಗೆ ಬಂಗಾರದ ಬಳೆ ತೊಡಿಸಬೇಕು ಅನ್ನಿಸುತ್ತದೆ ನನಗೆ.

ಉತ್ತರ ಬಂತು. ಅಳೆದ ಐದು ಜಾಗಕ್ಕೂ ಲೆಕ್ಕಕ್ಕೂ ಎರಡು ಮೂರು ಡಿಗ್ರಿಯಷ್ಟೇ ವ್ಯತ್ಯಾಸ. ನಾನು ನಮ್ಮ ಮನೆಯ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ಆಮೇಲೆ ಕನ್ನಡಿ ಗುಂಡಿ ಒತ್ತಿದೆ. ಇಡೀ ಕಾವಲಿ ಪರದೆಯ ಮೇಲೆ ಚಿಟ್ಟೆಯ ರೆಕ್ಕೆಯಂತೆ ಬಿಚ್ಚಿಕೊಂಡಿತು, ನಡುವೆ ಹಳದಿ, ಎರಡೂ ಕಡೆ ಕೆಂಪು, ಅಂಚಿಗೆ ನೀಲಿ. ದೊಡ್ಡ ಕಾಗದದ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿಸಿ ಮಾರನೆಯ ದಿನ ಮಾವನಿಗೆ ಕೊಟ್ಟೆ. ಎರಡೂ ಬದಿ ಸರಿಸಮ ಕಾಯುತ್ತವೆ, ಕಾವಲಿಯಲ್ಲಿ ದೋಷವಿಲ್ಲ ಎಂದೆ.

ಮಾವ ಅದನ್ನು ಅಡುಗೆಮನೆಗೆ ಒಯ್ದು ಒಂಬತ್ತೂ ಜನರ ಎದುರು ಎತ್ತಿ ಹಿಡಿದರು. ಅಣ್ಣ ಕೈ ಒರೆಸಿಕೊಂಡು ಹತ್ತಿರ ಬಂದು ತುಂಬ ಹೊತ್ತು ನೋಡಿದರು.

"ಇದರಲ್ಲಿ ಎರಡು ಬದಿಯೂ ಒಂದೇ ಉಂಟಲ್ಲ ಅಮ್ಮ," ಎಂದರು.

ಹೌದಣ್ಣ, ಅದನ್ನೇ ಹೇಳುತ್ತಿರುವುದು ಎಂದೆ. ಹೆಮ್ಮೆಯಿಂದಲೇ ಎಂದೆ, ಈಗ ಮುಚ್ಚಿಟ್ಟು ಏನು ಫಲ. ಅವರು ತಿರುಗಿ ಕಾವಲಿಯ ಹತ್ತಿರ ಹೋದರು. ಮೂರನೆಯ ದಿನ ಬಟ್ಟೆಗಂಟು ಕಟ್ಟಿಕೊಂಡು ಘಾಜಿಯಾಬಾದಿಗೆ ಹೋದರು. ಅಲ್ಲಿ ಅವರ ನೆಂಟರೊಬ್ಬರದು ಒಂದು ಚಿಕ್ಕ ತಿಂಡಿ ಅಂಗಡಿಯಿತ್ತು. ಮಾವ ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ಒಂದು ಚೂರು ಕಸಿವಿಸಿಯಾಯಿತು. ಲೆಕ್ಕ ಲೆಕ್ಕವೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮತ್ತೆ ಹೋಟೆಲಿಗೆ ಹೋದೆ. ಊರಿನಿಂದ ಬರಬೇಕಾದವರು ಇನ್ನೂ ಬಂದಿರಲಿಲ್ಲ. ಹೆಗಲಿಗೆ ಗಮ್ಛಾ ಟವೆಲು ಹಾಕಿಕೊಂಡು ಮಾವನೇ ಕಾವಲಿಯ ಮುಂದೆ ನಿಂತಿದ್ದರು. ನಾನು ಒಳಗೆ ಹೋಗಿ ಮಾತಾಡಿಸುತ್ತ ನಿಂತೆ. ಅವರು ಎಡಬದಿಯಲ್ಲಿ ಮೂರು ದೋಸೆ ಹಾಕಿದರು, ತೆಗೆದರು, ಮತ್ತೆ ಅಲ್ಲೇ ಮೂರು ಹಾಕಿದರು. ಬಲಬದಿ ಖಾಲಿ. ಹೊರಗೆ ಹುಡುಗರು ಆರ್ಡರ್ ಕೂಗುತ್ತಲೇ ಇದ್ದಾರೆ.

ಆ ಕಡೆ ಏಕೆ ಹಾಕುತ್ತಿಲ್ಲ ಎಂದು ಕೇಳಿದೆ. ಈ ಬದಿ ಕೈಗೆ ಹತ್ತಿರ ಎಂದರು, ನನ್ನ ಮುಖ ನೋಡದೆ.

ನನ್ನ ದುಪಟ್ಟಾ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೊದಲು ಅದನ್ನು ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಆಮೇಲೆ ಗಾಳಿ ಬಂದ ಕಡೆ ತಿರುಗಿದೆ. ಬಲಗಡೆಯ ಕಿಟಕಿಯಲ್ಲಿ ಕೂಲರ್ ಪೂರ್ತಿ ವೇಗದಲ್ಲಿ ಬೀಸುತ್ತಿತ್ತು. ಅದರ ಒದ್ದೆ ಗಾಳಿ ನೇರವಾಗಿ ಕಾವಲಿಯ ಬಲಬದಿಗೂ ಅದರ ಕೆಳಗಿನ ಉರಿಗೂ ಬಡಿಯುತ್ತಿತ್ತು. ಬಗ್ಗಿ ನೋಡಿದೆ. ಎಡದ ಉರಿ ನೆಟ್ಟಗೆ ನಿಂತಿತ್ತು. ಬಲದ ಉರಿ ಒಂದು ಕಡೆಗೆ ಮಲಗಿಕೊಂಡು ಹಲಗೆಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ. ಬ್ಯಾಗಿನಲ್ಲಿದ್ದ ಉಷ್ಣಮಾಪಕ ತೆಗೆದು ಬಲಬದಿಗೆ ಹಿಡಿದೆ, ಎಡಬದಿಗಿಂತ ನಲವತ್ತು ಡಿಗ್ರಿ ಕಡಿಮೆ. ಮಾವ ಆ ಅಂಕಿ ನೋಡಿದರು, ನಾನೂ ನೋಡಿದೆ.

ಅಲ್ಲೇ ಒಂದು ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಹಳೆಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಚೌಕಗಳು ಸರಿ, ಬಿಡಿಸಿದ ಕ್ರಮ ಸರಿ, ಉಳಿದ ತಪ್ಪು ಹತ್ತನೆಯ ದಶಾಂಶಕ್ಕೆ ಇಳಿದಿದೆ. ಕಂಪ್ಯೂಟರು ನಾನು ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳಿತ್ತು. ಆದರೆ ಎಡಬಲ ಒಂದೇ ಇದೆಯೇ ಎಂಬುದೇ ಪ್ರಶ್ನೆಯಾಗಿದ್ದಾಗ, ಎಡಬಲ ಒಂದೇ ಎಂದು ಮೊದಲೇ ಬರೆದುಕೊಟ್ಟವಳು ನಾನು. ಆ ಭಾನುವಾರ ಬೆಳಿಗ್ಗೆ, ಕೂಲರ್ ಇಲ್ಲದ ಹೊತ್ತಿನಲ್ಲಿ, ಎಡಬದಿಯಲ್ಲಷ್ಟೇ ಅಳೆದ ಐದು ಜಾಗಗಳೂ ಆ ಬರಹಕ್ಕೆ ಸುಳ್ಳುಸಾಕ್ಷಿ ಹೇಳಿದ್ದವು. ಪರೀಕ್ಷೆಗೆ ಕೂರಿಸುವ ಮೊದಲೇ ಒಬ್ಬರನ್ನು ನಪಾಸು ಮಾಡಿ, ಆಮೇಲೆ ಬಣ್ಣದ ಕಾಗದದಲ್ಲಿ ಫಲಿತಾಂಶ ಅಚ್ಚು ಹಾಕಿಸಿದ್ದೆ.

ಆಮೇಲೆ ಆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಈ ಸಲ ಇಡೀ ಕಾವಲಿ ತೆಗೆದುಕೊಂಡೆ, ಬಲಬದಿಗೆ ಗಾಳಿ ಸೇರಿಸಿದೆ, ಉರಿಯನ್ನು ಬಗ್ಗಿಸಿದೆ. ಗಾಳಿಯ ವೇಗ ಸ್ವಲ್ಪ ಬದಲಾದರೆ ತಣ್ಣನೆಯ ಭಾಗ ಹೇಗೆ ಸರಿಯುತ್ತದೆ, ನಡುಗೆರೆಯನ್ನು ದಾಟಿ ಎಡದಿಂದ ಬಲಕ್ಕೆ ಬಿಸಿ ಹೇಗೆ ಓಡುತ್ತದೆ ಎಂದು ನೋಡುತ್ತ ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ. ಬಹಳ ಸೊಗಸಾಗಿತ್ತು. ಆ ಎರಡು ಗಂಟೆ ಅಣ್ಣನ ನೆನಪೇ ನನಗೆ ಬರಲಿಲ್ಲ. ಮಾವ ಬಂದು ಎದುರು ಕುಳಿತು, ಫೋನ್ ಮಾಡಿದೆ, ಅವನು ಎತ್ತುತ್ತಿಲ್ಲ ಎಂದಾಗಲೇ ನಾನು ಲ್ಯಾಪ್‌ಟಾಪ್ ಮುಚ್ಚಿದ್ದು. ನಾನೇ ಹೋಗಿ ಹೇಳುತ್ತೇನೆ ಎಂದೆ.

ಮಾರನೆಯ ದಿನ ರಜೆ ಹಾಕಿ ಮೆಟ್ರೋ ಹತ್ತಿದೆ. ಯಮುನೆ ದಾಟಿ ಘಾಜಿಯಾಬಾದ್ ಮುಟ್ಟುವವರೆಗೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಸಮೀಕರಣ ಬಿಟ್ಟು ಹೇಳಬೇಕು, ನೆಪ ಬಿಟ್ಟು ಹೇಳಬೇಕು. ಅಂಗಡಿ ನಾಲ್ಕು ಬೆಂಚಿನದು. ಅಣ್ಣ ಒಂದು ದುಂಡನೆಯ ತವಾದ ಮುಂದೆ ನಿಂತಿದ್ದರು. ನನ್ನನ್ನು ಕಂಡು ಕೂರಿ ಅಮ್ಮ ಎಂದು ಬೆಂಚು ಒರೆಸಿದರು. ನಾನು ಕೂರದೆ ನಿಂತುಕೊಂಡೇ ಎಲ್ಲ ಹೇಳಿದೆ. ಅರ್ಧ ಕಾವಲಿ ಮಾತ್ರ ಲೆಕ್ಕ ಮಾಡಿ ಇನ್ನರ್ಧವನ್ನು ಕನ್ನಡಿಯಲ್ಲಿ ತೋರಿಸಿದ್ದೆ, ನಮ್ಮ ಕೆಲಸದಲ್ಲಿ ಹಾಗೆ ಮಾಡುವ ರೂಢಿಯುಂಟು, ಇಲ್ಲಿ ಹಾಗೆ ಮಾಡಿದ್ದು ಶುದ್ಧ ತಪ್ಪು, ನೀವು ಹೇಳಿದ್ದೇ ನಿಜ ಎಂದೆ. ಕೂಲರಿನ ವಿಷಯವನ್ನೂ ಹೇಳಿದೆ. ಮಾವ ಅದನ್ನು ಆಗಲೇ ಬೇರೆ ಕಿಟಕಿಗೆ ಹಾಕಿಸಿದ್ದಾರೆ, ವಾಪಸು ಬರಬೇಕಂತೆ ಎಂದೆ.

ಅವರು ತವಾದ ಮೇಲಿದ್ದ ದೋಸೆಯನ್ನು ಮಗುಚಿ ಹಾಕಿ, ತೆಗೆದು, ಗಿರಾಕಿಗೆ ಕೊಟ್ಟು ಬಂದರು.

"ನೀವು ಇಷ್ಟು ದೂರ ಬಂದು ಹೇಳಿದ್ದು ದೊಡ್ಡದು," ಎಂದರು. "ಆದರೆ ಆ ಕಾಗದ ತೋರಿಸಿದ್ದು ಒಂಬತ್ತು ಜನರ ಎದುರು."

ಅವರು ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ. ಸೋಮವಾರ ಬೆಳಿಗ್ಗೆ ಬನ್ನಿ ಅಣ್ಣ, ಅವರೆಲ್ಲರ ಎದುರೇ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಸೋಮವಾರ ಏಳು ಗಂಟೆಗೆ ಅಡುಗೆಮನೆಯಲ್ಲಿ ಎಲ್ಲರೂ ಸೇರಿದ್ದರು. ಅಣ್ಣ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಿನ ಆಚೆಯೇ ನಿಂತಿದ್ದರು. ನಾನು ದೊಡ್ಡ ದೊಡ್ಡ ಸಭೆಗಳಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದವಳು. ಅಲ್ಲಿ ಯಾವ ಮಾತಿನಿಂದ ಶುರುಮಾಡಬೇಕೆಂದೇ ತೋಚಲಿಲ್ಲ. ಮಾವ ಗೋಡೆಗೆ ಅಂಟಿಸಿದ್ದ ಆ ಬಣ್ಣದ ಕಾಗದವನ್ನು ತೆಗೆದು ಕೈಯಲ್ಲಿ ಹಿಡಿದು, ಇದರ ಬಲಬದಿ ನಾನು ಲೆಕ್ಕವೇ ಮಾಡದ್ದು, ಎಡಬದಿಯ ನೆರಳು ಎಂದೆ. ತಪ್ಪಿದ್ದು ನನ್ನ ಲೆಕ್ಕ, ಅಣ್ಣನ ಕೈಯಲ್ಲ ಎಂದೆ. ಪಾತ್ರೆ ತೊಳೆಯುವ ಇಬ್ಬರಿಗೆ ಕನ್ನಡ ಬರುವುದಿಲ್ಲ, ಅದಕ್ಕೆ ಅದೇ ಮಾತನ್ನು ಹಿಂದಿಯಲ್ಲೂ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಮಾವ ನೆಲ ನೋಡುತ್ತ, ನನ್ನದೂ ತಪ್ಪುಂಟು ಎಂದರು. ಅವರ ಬಾಯಿಂದ ಆ ಮಾತು ನಾನು ಅಂದೇ ಮೊದಲು ಕೇಳಿದ್ದು.

ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದರು. ಕೋಪವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ ಕೇಳುವವರ ಹಾಗೆ ನನ್ನನ್ನು ನೋಡಿದರು.

"ಅರ್ಧ ನೋಡಿದ್ದು ತಪ್ಪಲ್ಲ ಅಮ್ಮ, ನಿಮ್ಮಲ್ಲಿ ಹಾಗೆ ಮಾಡುವುದುಂಟು ಅಂತ ನೀವೇ ಹೇಳಿದ್ರಿ. ಆ ದಿನ ನಾನು ಇಲ್ಲೇ ಪಕ್ಕದಲ್ಲಿ ನಿಂತಿದ್ದೆ. ನಾನಾಗಿ ಬಾಯಿ ಹಾಕಿದ್ರೆ ಧಣಿಗಳು ನೆಪ ಅಂತಿದ್ರು. ನೀವು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ, ಬೆಳಿಗ್ಗೆ ಎಲ್ಲ ಸರಿ ಇರ್ತದೆ, ಮಧ್ಯಾಹ್ನ ಹನ್ನೆರಡಕ್ಕೆ ಬಂದು ನೋಡಿ ಅಂತ. ಯಾಕೆ ಕೇಳಲಿಲ್ಲ?"

ಎಷ್ಟೋ ಸಾವಿರ ಚೌಕಗಳನ್ನು ನೆರೆಯವರ ಜೊತೆ ಮಾತಾಡಿಸಿದ್ದ ನಾನು, ಮೂರು ಅಡಿ ದೂರದಲ್ಲಿ ನಿಂತ ಮನುಷ್ಯನನ್ನು ಮಾತಾಡಿಸಿರಲಿಲ್ಲ. ಅಣ್ಣ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು, ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದರು.